ಮಿಷನ್‌ಗೆ ಹೋದವರು ಯಾರ ಹಂಗಿನಲ್ಲಿರಬೇಕು?

ಖಾಲಿಜೋಳಿಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಮ್ಮ ಸಭೆಯ, ಅಂದರೆ ಚರ್ಚಿನ, ಮಿಷನ್ ಕಮಿಟಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ವರ್ಷಕ್ಕೊಮ್ಮೆ ಹದಿನೈದು ಜನರ ತಂಡ ಕಟ್ಟಿಕೊಂಡು ದೂರದ ಒಂದು ಹಳ್ಳಿಗೆ ಹೋಗುತ್ತೇವೆ. ಹತ್ತು ದಿನ ಅಲ್ಲಿರುತ್ತೇವೆ. ಮಕ್ಕಳಿಗೆ ಹಾಡು, ಆಟ. ಒಂದು ವೈದ್ಯಕೀಯ ಶಿಬಿರ. ಸಂಜೆ ಕೂಟ. ವಾಪಸ್ ಬಂದು ಫೋಟೋ ತೋರಿಸಿ ವರದಿ ಓದುತ್ತೇವೆ. ಚಪ್ಪಾಳೆ ಬೀಳುತ್ತದೆ.

ಕಳೆದ ಸಲ ಕುಡಿಯುವ ನೀರನ್ನೂ ಗಾಡಿಯಲ್ಲಿ ಹೇರಿಕೊಂಡು ಹೋಗಿದ್ದೆವು. ಅಡುಗೆಯವರೂ ನಮ್ಮವರೇ. ನಾಲ್ಕನೇ ದಿನ ಒಬ್ಬ ಅಜ್ಜಿ ಲೋಟದಲ್ಲಿ ನೀರು ತಂದರು. ನಾನು ನಗುತ್ತಾ ಬಾಟಲಿ ಎತ್ತಿ ತೋರಿಸಿದೆ. "ಇದೆ ಅಮ್ಮಾ, ಬೇಡ" ಅಂದೆ. ಅವರು ಏನೂ ಅನ್ನಲಿಲ್ಲ. ಲೋಟ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತರು. ಆಮೇಲೆ ನೀರನ್ನು ಗಿಡದ ಬುಡಕ್ಕೆ ಸುರಿದು ಹೊರಟುಹೋದರು.

ಅದೇ ಸಂಜೆ ನಾನು ಬೈಬಲ್‌ನ ಯೋಹಾನ 4ನೇ ಅಧ್ಯಾಯದ ಮೇಲೆ ಮಾತಾಡಬೇಕಿತ್ತು. ಬಾವಿಯ ಹತ್ತಿರ ಸಮಾರ್ಯದ ಹೆಂಗಸಿಗೆ ಯೇಸು ಹೇಳುವ ಮೊದಲ ಮಾತೇ, ಕುಡಿಯಲು ಕೊಡು ಅಂತ. ಆ ವಾಕ್ಯ ಓದಿದೆ. ಮುಂದೆ ಮಾತು ಬರಲಿಲ್ಲ. ಹೇಗೋ ಮುಗಿಸಿದೆ.

ಇಷ್ಟು ವರ್ಷದಲ್ಲಿ ಆ ಊರಿನವರಿಂದ ನಾವು ಏನಾದರೂ ತೆಗೆದುಕೊಂಡಿದ್ದೇವಾ ಅಂತ ರಾತ್ರಿ ಲೆಕ್ಕ ಹಾಕಿದೆ. ಫೋಟೋ ಬಿಟ್ಟರೆ ಏನೂ ಇಲ್ಲ.

ಹಂಗು ಅನ್ನೋ ಮಾತಿದೆಯಲ್ಲ ನಮ್ಮಲ್ಲಿ. ಹಂಗಿನ ಅರಮನೆಗಿಂತ ಗುಡಿಸಲೇ ವಾಸಿ ಅಂತ ಹೆಮ್ಮೆಯಿಂದ ಹೇಳುತ್ತೇವೆ. ಯಾರ ಹಂಗೂ ನಮಗೆ ಬೇಡ. ಆದರೆ ಹೋದ ಕಡೆಯಲ್ಲೆಲ್ಲ ಜನರನ್ನು ನಮ್ಮ ಹಂಗಿಗೆ ಹಾಕಿ ಬರುತ್ತೇವೆ. ಅದಕ್ಕೆ ಸೇವೆ ಅಂತ ಹೆಸರು.

ನನ್ನ ಪ್ರಶ್ನೆ ಇಷ್ಟೇ. ಮಿಷನ್ ಅಂದರೆ ಕೊಡಲು ಹೋಗುವುದು ಅಂತ ಕಲಿತೆವು. ಅತಿಥಿಯಾಗಿ ಹೋಗಿ ಅವರ ಹಂಗಿನಲ್ಲಿ ಇರುವುದು ಅಂತ ಯಾಕೆ ಕಲಿಯಲಿಲ್ಲ? ಕಮಿಟಿಯಲ್ಲಿ ಕೇಳಿದೆ. "ಬ್ರದರ್‌ಗೆ ಸುಸ್ತಾಗಿದೆ" ಅಂದರು. ಇರಬಹುದು. ನಿಮಗೇನು ಅನ್ನಿಸುತ್ತದೆ?

ಬಾವಿಕಟ್ಟೆ

ಗಿಡದ ಬುಡಕ್ಕೆ ಸುರಿದ ನೀರು ಅಂತ ಓದಿ ಸುಮ್ನೆ ಕೂತುಬಿಟ್ಟೆ.

ಆ ಬಾವಿಯ ಕಥೆಯಲ್ಲಿ ನನಗೆ ಇಷ್ಟವಾದ ಒಂದು ಮಾತಿದೆ. ಸೇದಲು ನಿನ್ನ ಹತ್ತಿರ ಏನೂ ಇಲ್ಲ, ಬಾವಿ ಆಳವಾಗಿದೆ ಅಂತ ಆಕೆ ಯೇಸುವಿಗೇ ಹೇಳುತ್ತಾಳೆ. ಜೀವಜಲದ ಮಾತೆಲ್ಲ ಹೊರಟದ್ದು ಬಾಯಾರಿದವನ ಬಾಯಿಂದ, ಅದೂ ಕೈಯಲ್ಲಿ ಕೊಡವಿಲ್ಲದವನ ಬಾಯಿಂದ.

ಇನ್ನೊಂದು. ಕೊನೆಗೆ ಊರಿನವರು ನಮ್ಮಲ್ಲೇ ಇರು ಅಂತ ಕೇಳಿಕೊಳ್ಳುತ್ತಾರೆ. ಆತ ಎರಡು ದಿನ ಅಲ್ಲೇ ಇರುತ್ತಾನೆ. ಯೆಹೂದ್ಯರು ಸಮಾರ್ಯದವರ ಜತೆ ಬಳಕೆಯನ್ನೇ ಇಟ್ಟುಕೊಳ್ಳದ ಕಾಲ ಅದು. ಯಾರ ಮನೆಯಲ್ಲಿ ಮಲಗಿದ, ಯಾರ ಪಾತ್ರೆಯಲ್ಲಿ ಉಂಡ? ಆ ಎರಡು ದಿನದ ಮೇಲೆ ನಾನಂತೂ ಚರ್ಚಿನಲ್ಲಿ ಒಂದು ಪ್ರಸಂಗವನ್ನೂ (ಬೋಧನೆ) ಕೇಳಿಲ್ಲ.

ಹಳೇಸೈಕಲ್

ನಾನು ನಿವೃತ್ತ ಸಭಾಪಾಲಕ. ಮಾತು ಜಾಸ್ತಿಯಾದರೆ ಕ್ಷಮಿಸಿ, ಹಳೇ ಅಭ್ಯಾಸ.

ಬೈಬಲ್‌ನ ಲೂಕ 10ನೇ ಅಧ್ಯಾಯವನ್ನು ನಾವು "ಬೆಳೆ ಬಹಳ, ಕೆಲಸದವರು ಸ್ವಲ್ಪ" ಅನ್ನುವ ಒಂದು ಮಾತಿಗೆ ಮಾತ್ರ ಬಳಸಿಕೊಂಡೆವು. ಮಿಷನ್ ಭಾನುವಾರ ಬಂತೆಂದರೆ ಅದೇ ವಾಕ್ಯ. ನಾನೂ ವರ್ಷ ವರ್ಷ ಅದನ್ನೇ ಹೇಳಿದವನು. ಆದರೆ ಮುಂದೆ ಓದಿ. ಯೇಸು ಕಳಿಸಿದ್ದು ಎಪ್ಪತ್ತು ಜನರನ್ನು, ಇಬ್ಬಿಬ್ಬರಾಗಿ. ಹಣದ ಚೀಲ ಬೇಡ, ಜೋಳಿಗೆ ಬೇಡ, ಕೆರವೂ ಬೇಡ. ಬರಮಾಡಿಕೊಂಡ ಮನೆಯಲ್ಲೇ ಇರಿ. ಅವರು ಕೊಟ್ಟದ್ದನ್ನು ಉಣ್ಣಿರಿ. ಈ ಊಟದ ಮಾತು ಎರಡು ಸಲ ಬರುತ್ತದೆ. ಆಮೇಲೆ ರೋಗಿಗಳನ್ನು ವಾಸಿಮಾಡಿ. ಅದಾದ ಮೇಲೆ ದೇವರ ರಾಜ್ಯ ಹತ್ತಿರ ಬಂದಿದೆ ಅಂತ ಹೇಳಿ. ಮೊದಲು ಊಟ, ನಂತರ ಔಷಧಿ, ಕೊನೆಗೆ ಮಾತು. ನಾವು ಇದನ್ನು ಪೂರ್ತಿ ತಲೆಕೆಳಗು ಮಾಡಿಕೊಂಡೆವು. ಮೊದಲು ಭಾಷಣ, ಆಮೇಲೆ ಮಾತ್ರೆ, ಊಟ ಮಾತ್ರ ನಮ್ಮ ಡೇರೆಯಲ್ಲೇ.

ಮನೆಯಿಂದ ಮನೆಗೆ ಹೋಗಬೇಡಿ ಅಂತಲೂ ಇದೆ. ಇನ್ನೂ ಅನುಕೂಲದ ಮನೆ ಸಿಕ್ಕಿತು ಅಂತ ಮೊದಲು ಬಾಗಿಲು ತೆರೆದವರನ್ನು ಬಿಟ್ಟುಹೋಗಬಾರದು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಉಂಡ ಮನೆಗೆ ಎರಡು ಬಗೆಯಬಾರದು ಅಲ್ವಾ.

ಇನ್ನು ಯೇಸುವಿನ ಶಿಷ್ಯ ಪೇತ್ರನ ಕಥೆ, ಅಪೊಸ್ತಲರ ಕೃತ್ಯಗಳು 10. ಅವನು ಯೊಪ್ಪದಲ್ಲಿ ಚರ್ಮಗಾರ ಸೀಮೋನನ ಮನೆಯಲ್ಲಿ ಇಳಿದುಕೊಂಡಿದ್ದಾನೆ. ರೋಮ್ ಸೈನ್ಯದ ಶತಾಧಿಪತಿ ಕೊರ್ನೇಲ್ಯನ ಆಳುಗಳು ಹುಡುಕಿಕೊಂಡು ಬರುತ್ತಾರೆ. ಪೇತ್ರ ಅವರನ್ನು ಒಳಗೆ ಕರೆದು ಇಳಿಸಿಕೊಳ್ಳುತ್ತಾನೆ. ನೋಡಿ, ಅವನೇ ಇನ್ನೊಬ್ಬರ ಮನೆಯಲ್ಲಿ ನೆಂಟ! ನೆಂಟನ ಮನೆಗೆ ನೆಂಟರು. ಮರುದಿನ ಹೊರಟು ಕೊರ್ನೇಲ್ಯನ ಮನೆಗೆ ಹೋಗುತ್ತಾನೆ. ಇನ್ನೂ ಕೆಲವು ದಿನ ಇರು ಅಂತ ಅವರು ಕೇಳಿಕೊಳ್ಳುತ್ತಾರೆ.

ಯೆರೂಸಲೇಮಿಗೆ ವಾಪಸ್ ಬಂದಾಗ ಅಲ್ಲಿಯ ವಿಶ್ವಾಸಿಗಳ ಜಗಳ ಯಾವುದಕ್ಕೆ? 11ನೇ ಅಧ್ಯಾಯ ನೋಡಿ. ದೀಕ್ಷಾಸ್ನಾನ ಯಾಕೆ ಮಾಡಿಸಿದೆ ಅಂತ ಕೇಳಲಿಲ್ಲ. ಸುನ್ನತಿಯಿಲ್ಲದವರ, ಅಂದರೆ ಯೆಹೂದ್ಯರಲ್ಲದವರ, ಮನೆಗೆ ಹೋಗಿ ಅವರ ಜತೆ ಊಟ ಮಾಡಿದೆಯಲ್ಲ ಅಂತ ಕೇಳಿದರು. ಕೊರ್ನೇಲ್ಯನ ಪರಿವರ್ತನೆ ಅಂತ ಆ ಕಥೆಗೆ ತಲೆಬರಹ ಹಾಕುತ್ತೇವೆ. ನನ್ನ ಕೇಳಿದರೆ ಅಲ್ಲಿ ಜಾಸ್ತಿ ಬದಲಾದವನು ಪೇತ್ರ.

ಲೆಕ್ಕಪತ್ರ

ನಾನು ಒಂದು ಸಭೆಯ ಖಜಾಂಚಿ. ಹಾಗಾಗಿ ಕೆಟ್ಟವನ ಪಾತ್ರ ನನಗೇ ಇರಲಿ.

ಅಯ್ಯನವರೇ, ಲೂಕ 10 ಓದಿದಿರಿ. ಲೂಕ 22ನ್ನೂ ಓದಿ. ಅಲ್ಲಿ ಅದೇ ಯೇಸು, ಈಗ ಹಣದ ಚೀಲ ಇದ್ದವನು ತೆಗೆದುಕೊಳ್ಳಲಿ, ಜೋಳಿಗೆಯನ್ನೂ ತೆಗೆದುಕೊಳ್ಳಲಿ ಅನ್ನುತ್ತಾನೆ. ಕಾಲಕ್ಕೆ ತಕ್ಕ ಹಾಗೆ. ಅಪೊಸ್ತಲ ಪೌಲನೂ ಡೇರೆ ಹೊಲಿದು ತನ್ನ ಕೈಯಾರೆ ದುಡಿದ. ಕೊರಿಂಥದವರ ಹತ್ತಿರ ಹಣ ಮುಟ್ಟಲಿಲ್ಲ. ಯಾರಿಗೂ ಭಾರವಾಗಬಾರದು ಅಂತ ಅವನೇ ಹೇಳಿಕೊಂಡಿದ್ದಾನೆ. ಹಂಗು ಬೇಡ ಅನ್ನುವುದು ಅಹಂಕಾರವೇ ಆಗಬೇಕಿಲ್ಲ.

ನೀರಿನ ವಿಷಯ. ಹದಿನೈದು ಜನರಲ್ಲಿ ಐದು ಜನ ವಾಂತಿ ಬೇಧಿ ಅಂತ ಮಲಗಿದ್ದರೆ ಆ ಅಜ್ಜಿಯ ಊರಿಗೆ ಅದೇ ದೊಡ್ಡ ತಲೆನೋವಾಗುತ್ತಿತ್ತು. ಬಾಟಲಿ ತಂದದ್ದು ತಪ್ಪಲ್ಲ.

ಮತ್ತೆ ಶಿಬಿರದ ವಿಷಯ. ಹಲ್ಲುನೋವಿನಿಂದ ನರಳುವವನಿಗೆ ನಿಮ್ಮ ಹಂಗಿನ ವಿಚಾರ ಬೇಡ. ಹಲ್ಲು ಕೀಳುವವನು ಬೇಕು. ಕೊಡುವುದನ್ನೇ ಅವಮಾನ ಅಂತ ಮಾಡಿಬಿಟ್ಟರೆ ನಷ್ಟ ಯಾರಿಗೆ?

ನರ್ಸಕ್ಕ

ಲೆಕ್ಕಪತ್ರ ಅಣ್ಣಾ, ಹಲ್ಲಿನ ವಿಷಯದಲ್ಲಿ ನಾನು ನಿಮ್ಮ ಪರ. ನೀರಿನ ವಿಷಯದಲ್ಲಿ ಅರ್ಧ. "ಸ್ವಲ್ಪ ಕುದಿಸಿ ಕೊಡ್ತೀರಾ ಅಮ್ಮಾ" ಅಂತ ಕೇಳಬಹುದಿತ್ತಲ್ಲ. ಹೊಟ್ಟೆಯೂ ಉಳಿಯುತ್ತಿತ್ತು, ಅಜ್ಜಿಯ ಮನಸ್ಸೂ ಉಳಿಯುತ್ತಿತ್ತು. ಕೇಳುವುದು ಕಷ್ಟ, ಅದಕ್ಕೇ ನಾವು ಬಾಟಲಿ ಹೊರುತ್ತೇವೆ.

ನನ್ನದೊಂದು ಅನುಭವ. ಭಾಷೆ ಬಾರದ ಊರಿನ ಮಿಷನ್ ಆಸ್ಪತ್ರೆಯಲ್ಲಿ ಆರು ವರ್ಷ ಇದ್ದೆ. ಮೊದಲ ಎರಡು ವರ್ಷ ನಾನು ಅಲ್ಲಿ ಸಿಸ್ಟರ್. ಕಂಡರೆ ಎದ್ದು ನಿಲ್ಲುತ್ತಿದ್ದರು. ಮೂರನೇ ವರ್ಷ ಟೈಫಾಯ್ಡ್ ಬಂತು. ಮೂರು ವಾರ ಹಾಸಿಗೆ. ಆಗ ನನ್ನ ಬಟ್ಟೆ ಒಗೆದು, ತಲೆ ಬಾಚಿ, ಪಕ್ಕದಲ್ಲಿ ಮಲಗಿದ್ದವಳು ನಮ್ಮ ವಾರ್ಡಿನ ಆಯಾ. ಅದಕ್ಕೆ ಸ್ವಲ್ಪ ದಿನ ಮೊದಲು ತಡವಾಗಿ ಬಂದಳು ಅಂತ ಎಲ್ಲರೆದುರು ಅವಳಿಗೆ ಬೈದಿದ್ದೆ. ಅವಳು ಅದನ್ನು ಎತ್ತಲೇ ಇಲ್ಲ. ನನಗೇ ಮುಖ ತೋರಿಸಲು ಆಗುತ್ತಿರಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ಅವಳು ನನ್ನನ್ನು ಸಿಸ್ಟರ್ ಅನ್ನಲಿಲ್ಲ. ಅವರ ಭಾಷೆಯಲ್ಲಿ ತಂಗಿಗೆ ಏನನ್ನುತ್ತಾರೋ ಹಾಗೇ ಕರೆದಳು. ನಾನು ತಪ್ಪು ಮಾತಾಡಿದರೆ ನಕ್ಕು ತಿದ್ದಲು ಶುರು ಮಾಡಿದಳು. ಅದಕ್ಕೆ ಮೊದಲು ಯಾರೂ ತಿದ್ದಿರಲಿಲ್ಲ! ಎರಡು ವರ್ಷ ರೋಗಿಗಳ ಹತ್ತಿರ ಒಂದು ಮಾತನ್ನು ತಪ್ಪಾಗಿಯೇ ಕೇಳುತ್ತಾ ಬಂದಿದ್ದೆ. ಎಲ್ಲರೂ ಮರ್ಯಾದೆಯಿಂದ ತಲೆಯಾಡಿಸುತ್ತಿದ್ದರು. ಮೇಲೆ ಕೂತವರನ್ನು ಯಾರು ತಿದ್ದುತ್ತಾರೆ ಹೇಳಿ.

ಶಾರ್ಲ್ ದ ಫುಕೋ ಕಥೆ ಕೆಲವರಿಗೆ ಗೊತ್ತಿರಬಹುದು. ಮೊದಲು ಫ್ರೆಂಚ್ ಸೇನೆಯಲ್ಲಿದ್ದವರು, ಆಮೇಲೆ ಪಾದ್ರಿಯಾದರು. 1905ರಲ್ಲಿ ಸಹಾರಾ ಮರುಭೂಮಿಯ ತಮನ್‌ರಾಸೆಟ್‌ಗೆ ಹೋಗಿ ತುವಾರೆಗ್ ಜನರ ನಡುವೆ ನೆಲೆಸಿದರು. 1908ರ ಜನವರಿಯಲ್ಲಿ ಕಾಯಿಲೆ ಬಿದ್ದು ಸಾಯುವ ಹಾಗಾದರು. ಆಗ ಅಲ್ಲಿ ಭೀಕರ ಬರ. ಅವರ ಹತ್ತಿರ ಇದ್ದದ್ದೆಲ್ಲ ಹಂಚಿ ಮುಗಿದಿತ್ತು. ಸುತ್ತಮುತ್ತ ನಾಲ್ಕು ಕಿಲೋಮೀಟರ್ ಹುಡುಕಿ, ಸ್ವಲ್ಪವಾದರೂ ಹಾಲು ಇದ್ದ ಆಡುಗಳನ್ನು ಕರೆದು ತಂದು ಅವರನ್ನು ಉಳಿಸಿದವರು ಮುಸ್ಲಿಮರಾದ ಆ ತುವಾರೆಗ್ ನೆರೆಯವರು. ಫುಕೋ ಅಲ್ಲಿ ಕೂತು ಅವರ ಭಾಷೆಗೆ ದೊಡ್ಡ ನಿಘಂಟು ಮಾಡಿದರು. ಮಿಷನ್ ವರದಿಯ ಲೆಕ್ಕದಲ್ಲಿ ನೋಡಿದರೆ ಅವರ ಫಲ ಹೆಚ್ಚುಕಡಿಮೆ ಸೊನ್ನೆ. 1916ರಲ್ಲಿ ಕೊಲೆಯಾದರು. 2022ರಲ್ಲಿ ಕಥೋಲಿಕ ಸಭೆ ಅವರನ್ನು ಸಂತರೆಂದು ಸಾರಿತು. ಫ್ರೆಂಚ್ ಅಧಿಕಾರಿಗಳ ಜತೆ ಅವರ ನಂಟು ಕೊನೆಯವರೆಗೂ ಇತ್ತು, ಅದನ್ನೂ ಮುಚ್ಚಿಡಬಾರದು. ಆದರೂ ಆ ಆಡಿನ ಹಾಲು ನನ್ನ ತಲೆಯಿಂದ ಹೋಗುವುದಿಲ್ಲ.

ಬಾವಿಕಟ್ಟೆ

ಭಾಷೆಯ ಮಾತು ನಿಜ ಅಕ್ಕಾ. ಬೆಳೆದ ಮನುಷ್ಯ ಮತ್ತೆ ತೊದಲು ಕಲಿಯಬೇಕು, ಚಿಕ್ಕ ಮಕ್ಕಳಿಂದ ನಗಿಸಿಕೊಳ್ಳಬೇಕು. ಹಳೆಯ ಮಿಷನರಿಗಳು ಬೇರೆ ಎಲ್ಲದರಲ್ಲೂ ದೊರೆಗಳಂತೆ ಇದ್ದರೂ ಇದೊಂದರಲ್ಲಿ ಊರಿನವರ ಹಂಗಿನಲ್ಲೇ ಇದ್ದರು. 1793ರಲ್ಲಿ ಬಂಗಾಳಕ್ಕೆ ಬಂದ ಮಿಷನರಿ ವಿಲಿಯಂ ಕೇರಿಗೆ ರಾಮರಾಮ ಬಸು ಮುನ್ಷಿ, ಅಂದರೆ ಭಾಷೆ ಕಲಿಸಿದವರು. ಪುಸ್ತಕದ ಮುಖಪುಟದಲ್ಲಿ ಕೇರಿಯ ಹೆಸರು ನೆನಪಿರುತ್ತದೆ. ಮುನ್ಷಿಯ ಹೆಸರು ಎಷ್ಟು ಜನರಿಗೆ ಗೊತ್ತು?

ಹೊರಗಿನವ

ನಾನು ಕ್ರೈಸ್ತನಲ್ಲ. ಗೆಳೆಯನೊಬ್ಬ ಈ ಚರ್ಚೆ ಓದು ಅಂದ. ಬಾಗಿಲ ಹೊರಗೆ ನಿಂತೇ ಒಂದು ಮಾತು ಕೇಳುತ್ತೇನೆ, ಜಗಳಕ್ಕಲ್ಲ.

ಮೊದಲು ಕೈತುಂಬ ಹಿಡಿದುಕೊಂಡು ಬರುತ್ತಿದ್ದಿರಿ. ಇನ್ನು ಮುಂದೆ ಖಾಲಿ ಕೈಯಲ್ಲಿ ಬರುತ್ತೀರಿ. ಮನಸ್ಸಿನೊಳಗಿನ ಲೆಕ್ಕ ಅದೇ ಆದರೆ ಏನು ಬದಲಾಯಿತು? ಗಾಳ ಅದೇ, ಎರೆ ಬೇರೆ. ನಾನು ನೀರು ಕೊಟ್ಟೆ ಅಂತ ಇಟ್ಟುಕೊಳ್ಳಿ. ನೀವು ಅದನ್ನು ಒಳ್ಳೆಯ ಅವಕಾಶ ಸಿಕ್ಕಿತು ಅಂತ ವರದಿಯಲ್ಲಿ ಬರೆಯುತ್ತೀರಿ. ನನ್ನ ಮನೆಗೆ ಬಂದ ನೆಂಟ ನನ್ನನ್ನು ಬದಲಾಯಿಸಲೆಂದೇ ಬಂದಿದ್ದ ಅಂತ ಆಮೇಲೆ ಗೊತ್ತಾದರೆ ನನಗೆ ಮೋಸ ಅನ್ನಿಸುತ್ತದೆ. ಔಷಧಿ ಕೊಟ್ಟು ಕೇಳುವವನಾದರೂ ನೇರ. ನೀರು ಕುಡಿದು ಕೇಳುವವನು ನನ್ನ ಒಳ್ಳೆಯತನವನ್ನೇ ಬಳಸಿಕೊಂಡ ಹಾಗಲ್ವಾ?

ಖಾಲಿಜೋಳಿಗೆ

ಈ ಪ್ರಶ್ನೆಗೆ ನನ್ನ ಹತ್ತಿರ ತಕ್ಷಣದ ಉತ್ತರ ಇಲ್ಲ. ನಮ್ಮ ವರದಿಗಳಲ್ಲಿ "ಅವಕಾಶ" ಅನ್ನುವ ಮಾತು ಎಷ್ಟು ಸಲ ಬರುತ್ತದೆ ಅಂತ ಈಗ ತಾನೇ ತೆಗೆದು ನೋಡಿದೆ. ನಾಚಿಕೆಯಾಯಿತು.

ಹಳೇಸೈಕಲ್

ಹೊರಗಿನವರೇ, ಒಳಗೆ ಬನ್ನಿ. ಕೇಳಬೇಕಾದ್ದನ್ನೇ ಕೇಳಿದಿರಿ.

ನಂಬಿಕೆಯನ್ನು ಬಚ್ಚಿಟ್ಟುಕೊಂಡು ಹೋಗುವುದು ನನಗೂ ಒಪ್ಪಿಗೆಯಿಲ್ಲ. ಅತಿಥಿ ತಾನು ಯಾರು ಅಂತ ಬಾಗಿಲಲ್ಲೇ ಹೇಳಬೇಕು. ಆದರೆ ಬಾಗಿಲು ಅವನದಲ್ಲ. ಬಾ ಅನ್ನುವುದು, ಹೊರಡು ಅನ್ನುವುದು ಮನೆಯವರ ಹಕ್ಕು. ಲೂಕ 10ರಲ್ಲೇ ಇದೆ: ಬರಮಾಡಿಕೊಳ್ಳದಿದ್ದರೆ ಕಾಲಿನ ಧೂಳು ಒರಸಿ ಹೊರಡಿ. ಆ ಮಾತು ಖಾರವಾಗಿದೆ, ಒಪ್ಪುತ್ತೇನೆ. ಆದರೂ ಬಲವಂತ ಮಾಡಿ ಅಂತ ಹೇಳಿಲ್ಲ. ಹೊರಡಿ ಅಂತಲೇ ಹೇಳಿದ್ದು. ಒಳಗಿದ್ದಷ್ಟು ದಿನ ಅತಿಥಿ ಯಜಮಾನಿಕೆ ಮಾಡಬಾರದು.

ಇನ್ನೊಂದು ಕಥೆ ಹೇಳುತ್ತೇನೆ. ಕೃತ್ಯಗಳ ಕೊನೆಯ ಎರಡು ಅಧ್ಯಾಯ, 27 ಮತ್ತು 28. ಪೌಲನನ್ನು ಕೈದಿಯಾಗಿ ರೋಮ್‌ಗೆ ಒಯ್ಯುತ್ತಿದ್ದ ಹಡಗು ಒಡೆದುಹೋಗುತ್ತದೆ. ಎಲ್ಲರೂ ಈಜಿ, ಹಲಗೆ ಹಿಡಿದು ಮಾಲ್ಟಾ ದ್ವೀಪದ ದಡ ಸೇರುತ್ತಾರೆ. ಮಳೆ, ಚಳಿ. ದ್ವೀಪದವರು ಬೆಂಕಿ ಹಾಕಿ ಬರಮಾಡಿಕೊಳ್ಳುತ್ತಾರೆ. ಕೃತ್ಯಗಳನ್ನು ಬರೆದ ಲೂಕ ಅವರನ್ನು ಕರೆಯುವ ಗ್ರೀಕ್ ಮಾತು ಬಾರ್ಬರೊಯ್, ಗ್ರೀಕ್ ಬಾರದ ಹೊರಗಿನವರು ಅಂತ. ಪುಬ್ಲಿಯ ಅನ್ನುವ ಮುಖ್ಯಸ್ಥ ಮೂರು ದಿನ ಮನೆಯಲ್ಲಿ ಇರಿಸಿಕೊಳ್ಳುತ್ತಾನೆ. ಪೌಲ ಅವನ ತಂದೆಗೂ ಬೇರೆ ರೋಗಿಗಳಿಗೂ ಪ್ರಾರ್ಥನೆ ಮಾಡಿ ವಾಸಿಮಾಡುತ್ತಾನೆ. ಮೂರು ತಿಂಗಳ ಮೇಲೆ ಹೊರಡುವಾಗ ದಾರಿಗೆ ಬೇಕಾದ್ದನ್ನೆಲ್ಲ ದ್ವೀಪದವರೇ ಹಡಗಿಗೆ ತುಂಬಿಸುತ್ತಾರೆ. ಈ ಮೂರು ತಿಂಗಳಲ್ಲಿ ಪೌಲ ಪ್ರಸಂಗ ಮಾಡಿದ, ಇಷ್ಟು ಜನ ದೀಕ್ಷಾಸ್ನಾನ ತೆಗೆದುಕೊಂಡರು ಅಂತ ಲೂಕ ಒಂದು ಸಾಲೂ ಬರೆದಿಲ್ಲ. ಬೇರೆ ಊರುಗಳಲ್ಲಿ ಲೆಕ್ಕ ಬರೆಯುವ ಲೂಕನೇ ಇಲ್ಲಿ ಅವರ ದಯೆಯನ್ನು ಬರೆದು ಮುಗಿಸಿದ್ದಾನೆ.

ಹೊರಗಿನವ

ಮಾಲ್ಟಾದ ಕಥೆ ನನಗೆ ಗೊತ್ತಿರಲಿಲ್ಲ. ಚೆನ್ನಾಗಿದೆ. ಪೂರ್ತಿ ಸಮಾಧಾನ ಆಯಿತು ಅಂತ ಹೇಳಲಾರೆ.

ನನ್ನ ಅಳತೆ ಒಂದೇ. ನಾನು ಯಾವತ್ತೂ ನಿಮ್ಮ ಕಡೆ ಬರುವುದಿಲ್ಲ ಅಂತ ಖಚಿತವಾದ ಮೇಲೂ ನನ್ನ ಮನೆಗೆ ಬರುತ್ತೀರಾ?

ನರ್ಸಕ್ಕ

ಆ ಆಯಾ ಇವತ್ತಿಗೂ ತನ್ನ ದೇವರನ್ನೇ ನಂಬಿದ್ದಾಳೆ. ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಹೋದ ತಿಂಗಳು ಮಾಡಲಿಲ್ಲ ಅಂತ ಅವಳೇ ಮಾಡಿ ಬೈದಳು. ನನ್ನ ಮೊಣಕಾಲಿಗೆ ಆಪರೇಶನ್ ಆದಾಗ ಅವಳು ಹರಕೆ ಹೊತ್ತಿದ್ದಳಂತೆ. ನಾನು ಬೇಡ ಅನ್ನಲಿಲ್ಲ.

ಹೊರಗಿನವ

ಇದು ಸರಿ.

ಜಗಲಿ

ಇಷ್ಟು ಹೊತ್ತು ಓದುತ್ತಾ ಇದ್ದೆ. ನಾನು ಆ ಕಡೆಯವಳು. ಅಂದರೆ ತಂಡಗಳು ಬಂದು ಇಳಿಯುವ ಊರಿನವಳು.

ನೀವೆಲ್ಲ ಅತಿಥಿ ಅತಿಥಿ ಅಂತ ಚೆಂದವಾಗಿ ಬರೆಯುತ್ತಿದ್ದೀರಿ. ನಮ್ಮ ಕಡೆಯಿಂದಲೂ ಸ್ವಲ್ಪ ನೋಡಿ. "ಈ ಸಲ ನಾವು ನಿಮ್ಮ ಮನೆಗಳಲ್ಲೇ ಉಳಿಯುತ್ತೇವೆ, ನಿಮ್ಮ ಹಾಗೇ ಇರುತ್ತೇವೆ" ಅಂತ ಒಂದು ತಂಡ ಪತ್ರ ಬರೆಯಿತು. ಓದಿದ ತಕ್ಷಣ ನಮ್ಮ ಎದೆ ಧಸಕ್ ಅಂತು. ಇದ್ದ ಒಂದು ಕೋಣೆ ಅವರಿಗೆ ಬಿಟ್ಟೆವು. ಮಕ್ಕಳು ಹೊರಗೆ ಮಲಗಿದರು. ನಾನು ಒಂದು ವಾರ ಕೆಲಸಕ್ಕೆ ಹೋಗಲಿಲ್ಲ, ಆ ಕೂಲಿ ಹೋಯಿತು. ಪಕ್ಕದ ಮನೆಯಿಂದ ಹೊದಿಕೆ ಎರವಲು ತಂದೆ. ಅವರು ಮಾತ್ರ "ಎಷ್ಟು ಸರಳ ಜೀವನ, ಎಷ್ಟು ಸಂತೋಷ" ಅಂತ ನಮ್ಮನ್ನು ಹೊಗಳುತ್ತಿದ್ದರು.

ಬೇಡ ಅಂತ ಹೇಳಬಹುದಿತ್ತಲ್ಲ ಅಂತ ಕೇಳಬಹುದು. ಹೇಗೆ ಹೇಳುವುದು? ನಮ್ಮ ಶಾಲೆಯ ಚಾವಣಿಗೆ ಹಣ ಅವರಿಂದಲೇ ಬರಬೇಕಿತ್ತು. ಬೇಡ ಅನ್ನಲು ಆಗದ ಮನೆಯಲ್ಲಿ ನಡೆಯುವುದು ಅತಿಥಿಸತ್ಕಾರ ಅಲ್ಲ. ಅದಕ್ಕೆ ಬೇರೆ ಹೆಸರು ಇದೆ, ನಾನು ಬರೆಯುವುದಿಲ್ಲ.

ಆದರೂ ಒಂದು ಹೇಳಬೇಕು. ಆ ತಂಡದಲ್ಲಿ ನನಗೆ ಇನ್ನೂ ನೆನಪಿರುವುದು ಒಬ್ಬಳೇ ಹುಡುಗಿ. ಅವಳ ತಂದೆ ತೀರಿಹೋಗಿ ಮೂರು ತಿಂಗಳಾಗಿತ್ತು. ಹಗಲೆಲ್ಲ ಮಕ್ಕಳಿಗೆ ಹಾಡು ಕಲಿಸಿದಳು. ರಾತ್ರಿ ನನ್ನ ಪಕ್ಕ ಕೂತು ಅತ್ತಳು. ನಮ್ಮ ಅತ್ತೆ ಅವಳ ತಲೆ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಅವರಿಗೆ ಅವಳ ಭಾಷೆ ಬರುವುದಿಲ್ಲ. ಈಗಲೂ ಪ್ರಾರ್ಥನೆಯಲ್ಲಿ ಅವಳ ಹೆಸರು ಹೇಳುತ್ತಾರೆ. ಉಳಿದವರೆಲ್ಲ ನಮಗೆ ಕೊಡಲು ಬಂದಿದ್ದರು. ಅವರ ಹೆಸರು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಅವಳು ಬರೆದ ವರದಿಯಲ್ಲಿ ನಮ್ಮ ಅತ್ತೆಯ ತೊಡೆ ಇತ್ತೋ ಇಲ್ಲವೋ.

ಖಾಲಿಜೋಳಿಗೆ

ಅಕ್ಕಾ, ಬರೆದದ್ದಕ್ಕೆ ಧನ್ಯವಾದ. ನಾನು ಬಾಟಲಿಯಿಂದ ಲೋಟಕ್ಕೆ ಬಂದರೆ ಸಾಕು ಅಂದುಕೊಂಡಿದ್ದೆ. ಅಷ್ಟು ಸುಲಭ ಇಲ್ಲ.

ಹಳೇಸೈಕಲ್

ಜಗಲಿ ಅಕ್ಕ ಹೇಳಿದ ತೊಂದರೆ ಹೊಸದಲ್ಲ. ಡಿಡಾಕೆ ಅಂತ ಒಂದು ಹಳೆಯ ಗ್ರೀಕ್ ಬರಹ ಇದೆ, ಬಹಳ ಮೊದಲ ಕಾಲದ ಸಭೆಗಳದ್ದು. ಅದರಲ್ಲಿ ಊರೂರು ತಿರುಗುವ ಅಪೊಸ್ತಲರನ್ನು ಹೇಗೆ ನೋಡಿಕೊಳ್ಳಬೇಕು ಅಂತ ನಿಯಮ ಇದೆ. ಬಂದವನನ್ನು ಕರ್ತನನ್ನು ಬರಮಾಡಿಕೊಂಡ ಹಾಗೆ ಬರಮಾಡಿಕೊಳ್ಳಿ. ಒಂದು ದಿನ ಇರಲಿ, ಬೇಕಾದರೆ ಎರಡನೇ ದಿನವೂ. ಮೂರು ದಿನ ಕೂತರೆ ಅವನು ಸುಳ್ಳು ಪ್ರವಾದಿ. ಹಣ ಕೇಳಿದರೂ ಸುಳ್ಳು ಪ್ರವಾದಿ. ನೆಲೆಸಬೇಕು ಅಂತ ಬಂದವನಿಗೆ ಕಸುಬು ಗೊತ್ತಿದ್ದರೆ ದುಡಿದು ತಿನ್ನಲಿ. ನಗು ಬರುತ್ತದೆ ಓದಿದರೆ. ಎಷ್ಟು ಜನರ ಕಾಟ ಅನುಭವಿಸಿ ಬರೆದಿರಬೇಕು! ಅತಿಥಿಯ ಮೇಲೆ ಕಟ್ಟಳೆ ಹಾಕಿದ್ದು ಮನೆಯವರೇ. ನಮ್ಮ ಕಾಲದಲ್ಲಿ ಎಷ್ಟು ದಿನ, ಎಷ್ಟು ಜನ, ಏನು ಕಾರ್ಯಕ್ರಮ ಅಂತೆಲ್ಲ ಹೋಗುವವರೇ ತೀರ್ಮಾನಿಸಿ ತಿಳಿಸುತ್ತೇವೆ.

ಲೆಕ್ಕಪತ್ರ

ಜಗಲಿ ಅಮ್ಮನವರ ಚಾವಣಿ ಮಾತು ನನಗೆ ಚುಚ್ಚಿತು. ರುಜು ಹಾಕುವವನು ನಾನೇ. ಹಣ ನಮ್ಮ ಕೈಯಲ್ಲಿ ಇರುವವರೆಗೆ ಅವರ "ಬನ್ನಿ" ಅನ್ನುವ ಮಾತಿಗೆ ಬೆಲೆ ಇಲ್ಲ ಅಂತ ತಾನೇ ಅರ್ಥ?

ಹಣದ ಕಡೆಯಿಂದ ಇದನ್ನು ಸರಿಮಾಡಲು ನೋಡಿದವರು ಇದ್ದಾರೆ. 1795ರಲ್ಲಿ ಹುಟ್ಟಿದ ಲಂಡನ್ ಮಿಷನರಿ ಸೊಸೈಟಿ ರೂಪ ಬದಲಿಸುತ್ತಾ ಬಂದು 1977ರಲ್ಲಿ ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್ ಆಯಿತು. ಕಳಿಸುವ ಸಭೆ, ಪಡೆಯುವ ಸಭೆ ಅನ್ನುವ ಭೇದ ತೆಗೆದರು. ಎಲ್ಲ ಸಭೆಗಳೂ ಸದಸ್ಯರು, ಎಲ್ಲರೂ ಹಣ ಹಾಕುತ್ತಾರೆ, ಎಲ್ಲರೂ ಕೂತು ತೀರ್ಮಾನಿಸುತ್ತಾರೆ. 2012ರಲ್ಲಿ ಕಚೇರಿಯೇ ಲಂಡನ್ ಬಿಟ್ಟು ಸಿಂಗಪುರಕ್ಕೆ ಹೋಯಿತು. ಪ್ಯಾರಿಸ್ ಮಿಷನ್ ಇನ್ನೂ ಮೊದಲೇ, 1971ರಲ್ಲಿ, ತನ್ನನ್ನು ಮುಚ್ಚಿಕೊಂಡು ಸಭೆಗಳ ಒಂದು ಒಕ್ಕೂಟಕ್ಕೆ ಜಾಗ ಬಿಟ್ಟಿತು. ಎಲ್ಲ ಸರಿಹೋಯಿತು ಅಂತ ಅಲ್ಲ. ಬರೇ ಮನಸ್ಸು ಬದಲಾದರೆ ಸಾಲದು, ಚೆಕ್ ಬುಕ್ ಯಾರ ಹತ್ತಿರ ಇದೆ ಅನ್ನುವುದೂ ಬದಲಾಗಬೇಕು ಅಂತ ಹೇಳುತ್ತಿದ್ದೇನೆ.

ಆಫ್ರಿಕಾದ ಸಭೆಗಳು ಇನ್ನೂ ಖಡಕ್ಕಾಗಿ ಹೇಳಿದವು. ಕೆನ್ಯಾದ ಸಭಾನಾಯಕ ಜಾನ್ ಗಾಟು 1971ರಲ್ಲಿ, ಸ್ವಲ್ಪ ಕಾಲ ಮಿಷನರಿಗಳನ್ನೂ ಹಣವನ್ನೂ ಕಳಿಸುವುದು ನಿಲ್ಲಿಸಿ ಅಂದರು. 1974ರಲ್ಲಿ ಲುಸಾಕಾದಲ್ಲಿ ಸೇರಿದ ಆಫ್ರಿಕಾದ ಸಭೆಗಳ ಸಮ್ಮೇಳನ ಆ ಮಾತನ್ನು ಎತ್ತಿಹಿಡಿಯಿತು. ಆಗ ಎಷ್ಟೋ ಜನರಿಗೆ ಕೋಪ ಬಂತು. ಇವತ್ತು ನನಗೆ ಅದು ಅರ್ಥವಾಯಿತು. "ಬರಬೇಡಿ" ಅಂತ ಹೇಳಲು ಬಂದರೆ ತಾನೇ "ಬನ್ನಿ" ಅನ್ನುವುದು ನಿಜವಾಗುವುದು.

ಅಂದಹಾಗೆ ಪೌಲನ ವಿಷಯದಲ್ಲಿ ನಾನು ಅರ್ಧ ಮಾತ್ರ ಹೇಳಿದ್ದೆ. ಕೊರಿಂಥದವರ ಹಣ ಮುಟ್ಟದ ಅವನೇ ಫಿಲಿಪ್ಪಿಯವರಿಂದ ಮತ್ತೆ ಮತ್ತೆ ತೆಗೆದುಕೊಂಡಿದ್ದಾನೆ. ಮತ್ತೆ ಅವನು ಊರೂರಲ್ಲಿ ಕಾಣಿಕೆ ಎತ್ತಿದ್ದು ಯಾರಿಗೆ? ಯೆರೂಸಲೇಮಿನ ಬಡವರಿಗೆ. ಮಕೆದೋನ್ಯ, ಅಖಾಯದ ಹೊಸ ಸಭೆಗಳಿಂದ ತಾಯಿ ಸಭೆಗೆ ಹಣ. ಈಗಿನ ಭಾಷೆಯಲ್ಲಿ ಹೇಳಿದರೆ, ಮಿಷನ್ ಫೀಲ್ಡ್‌ನಿಂದ ಹೆಡ್ ಆಫೀಸಿಗೆ.

ಬಾವಿಕಟ್ಟೆ

ಖಜಾಂಚಿಗಳು ಪಕ್ಷ ಬದಲಿಸಿದರು!

1910ರ ಎಡಿನ್‌ಬರ್ಗ್ ಮಿಷನರಿ ಸಮ್ಮೇಳನವನ್ನು ಮರೆಯಬಾರದು. ಸುಮಾರು 1200 ಪ್ರತಿನಿಧಿಗಳು. ಅವರಲ್ಲಿ ಏಷ್ಯಾದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಅಲ್ಲಿ ಭಾರತದ ವಿ. ಎಸ್. ಅಜರಯ್ಯ ಎದ್ದು ನಿಂತು ಮಾತಾಡಿದರು. ಬಡವರಿಗೆ ಉಣ್ಣಲು ನಿಮ್ಮ ಸೊತ್ತು ಕೊಟ್ಟಿರಿ, ನಿಮ್ಮ ದೇಹಗಳನ್ನು ಸುಡಲು ಕೊಟ್ಟಿರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಗೆಳೆಯರನ್ನು ಕೊಡಿ ಅಂದರು. ಸಭೆಯಲ್ಲಿ ಇರಿಸುಮುರಿಸಾಯಿತು. ಎರಡು ವರ್ಷದ ಮೇಲೆ ಅವರು ದೋರ್ನಕಲ್‌ನ ಬಿಷಪ್ ಆದರು, ಭಾರತೀಯರಲ್ಲಿ ಮೊದಲ ಆಂಗ್ಲಿಕನ್ ಬಿಷಪ್.

ಗೆಳೆಯನಿಗೆ ಸಾಲ ಕೊಡುತ್ತೇವೆ, ಗೆಳೆಯನಿಂದ ಸಾಲ ಕೇಳುತ್ತೇವೆ. ಯಾರದು ಎಷ್ಟು ಬಾಕಿ ಅಂತ ಒಂದು ಹೊತ್ತಿನ ಮೇಲೆ ಮರೆತೇ ಹೋಗುತ್ತದೆ. ಹಂಗು ಒಂದೇ ಕಡೆ ಇದ್ದಾಗ ಮಾತ್ರ ಚುಚ್ಚುತ್ತದೆ ಅಂತ ನನಗನ್ನಿಸುತ್ತದೆ.

ಜಗಲಿ

ಹೌದು. ನಮ್ಮಲ್ಲಿ ಒಬ್ಬ ಟೀಚರಮ್ಮ ಒಂದು ವರ್ಷ ಇದ್ದರು, ಮಿಷನ್‌ನಿಂದಲೇ ಬಂದವರು. ಸೂಜಿ ಇದೆಯಾ, ಛತ್ರಿ ಇದೆಯಾ ಅಂತ ಕೇಳಿಕೊಂಡು ಬರುತ್ತಿದ್ದರು. ನಾವೂ ಅವರ ಮನೆಗೆ ಹೋಗಿ ಕೇಳುತ್ತಿದ್ದೆವು. ಅವರು ಹೋದ ಮೇಲೂ ನಮ್ಮ ಒಂದು ಕತ್ತರಿ ಅವರ ಹತ್ತಿರವೇ ಇದೆ. ಬೇಕಂತಲೇ ವಾಪಸ್ ಕೇಳಿಲ್ಲ.

ಖಾಲಿಜೋಳಿಗೆ

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಚರ್ಚೆ ನಿಂತುಹೋಗಿದೆ, ಆದರೂ ಇಲ್ಲೇ ಹೇಳಬೇಕು ಅನ್ನಿಸಿತು.

ಇಲ್ಲಿಯ ಮಾತುಗಳನ್ನೆಲ್ಲ ಪ್ರಿಂಟ್ ತೆಗೆದು ಕಮಿಟಿಯಲ್ಲಿ ಓದಿದೆ. ಎರಡು ಮೀಟಿಂಗ್ ಜಗಳದಲ್ಲೇ ಹೋಯಿತು. ಕೊನೆಗೆ ಎರಡು ತೀರ್ಮಾನ ಆದವು. ಮೊದಲನೆಯದು, ಆ ಊರಿನ ಸಭೆಗೆ ಕೊಡುವ ಹಣವನ್ನು ನಮ್ಮ ಪ್ರವಾಸಕ್ಕೆ ಗಂಟು ಹಾಕುವುದಿಲ್ಲ. ನಾವು ಹೋದರೂ ಹೋಗದಿದ್ದರೂ ಅದು ಹೋಗುತ್ತದೆ, ಖರ್ಚು ಅವರ ತೀರ್ಮಾನ. ಎರಡನೆಯದು, ಅವರಿಗೆ ಒಂದು ಪತ್ರ. ನಾವು ಬರಬಹುದಾ, ಬಂದರೆ ಹೇಗೆ ಬರಬೇಕು ಅಂತ ಕೇಳಿದೆವು. ನಮ್ಮ ಕಷ್ಟವನ್ನೂ ಬರೆದೆವು. ನಮ್ಮ ಸಭೆಯಲ್ಲಿ ಕಾಯಿಲೆಯವರ ಮನೆಗೆ ಹೋಗುವವರೇ ಇಲ್ಲ, ನಿಮ್ಮಲ್ಲಿ ಇದು ಹೇಗೆ ನಡೆಯುತ್ತದೆ, ನಿಮ್ಮವರು ಯಾರಾದರೂ ಬಂದು ನಮ್ಮ ಜತೆ ಸ್ವಲ್ಪ ದಿನ ಇರುತ್ತೀರಾ ಅಂತ. ಈ ಸಾಲು ಬರೆಯುವಾಗ ಕಮಿಟಿಯಲ್ಲಿ ತುಂಬ ಹೊತ್ತು ಯಾರೂ ಮಾತಾಡಲಿಲ್ಲ.

ಆರು ವಾರ ಉತ್ತರ ಇಲ್ಲ. ಮೊನ್ನೆ ಬಂತು. ಅದರಲ್ಲಿದ್ದದ್ದು ಇಷ್ಟು. ಬನ್ನಿ. ಮೂರು ಜನ ಸಾಕು, ಹಾಸಿಗೆ ಮೂರೇ ಇವೆ. ಕೊಯ್ಲು ಮುಗಿದ ಮೇಲೆ ಬನ್ನಿ. ಬ್ಯಾನರ್ ತರಬೇಡಿ. ಡಾಕ್ಟರ್ ಬಂದರೆ ಒಳ್ಳೆಯದು. ಈ ಸಲ ಪ್ರಸಂಗ ನಮ್ಮವರದು, ನೀವು ಕೂತು ಕೇಳಬೇಕು. ನಿಮ್ಮಲ್ಲಿಗೆ ಯಾರನ್ನು ಕಳಿಸುವುದು ಅಂತ ಯೋಚಿಸುತ್ತಿದ್ದೇವೆ.

ಕೆಳಗೆ ಬೇರೆ ಕೈಬರಹದಲ್ಲಿ ಒಂದು ಸಾಲು: ಆ ಅಜ್ಜಿ ಚೆನ್ನಾಗಿದ್ದಾರೆ, ನೀರು ಕೊಡುತ್ತಾರೋ ಇಲ್ಲವೋ ನೀವೇ ಬಂದು ನೋಡಿ.

ನರ್ಸಕ್ಕ

ನಗುತ್ತಾ ಅಳುತ್ತಾ ಓದಿದೆ. ಅಜ್ಜಿ ಮರೆತಿಲ್ಲ!

ಲೆಕ್ಕಪತ್ರ

ಮೂರು ಜನ ಅಂದರೆ ಖರ್ಚು ಐದರಲ್ಲಿ ಒಂದು ಪಾಲು. ನಾನಾಗಿದ್ದರೆ ಕೂಡಲೇ ರುಜು ಹಾಕುತ್ತಿದ್ದೆ. ಯಾರು ಆ ಮೂವರು?

ಖಾಲಿಜೋಳಿಗೆ

ಒಬ್ಬರು ಡಾಕ್ಟರ್, ಅದು ಸರಿ. ಉಳಿದ ಎರಡು ಜಾಗಕ್ಕೆ ಹದಿನಾಲ್ಕು ಹೆಸರು ಬಂದಿವೆ. ಭಾನುವಾರ ಮತ್ತೆ ಮೀಟಿಂಗ್.